ಮಗುವನ್ನು ಎತ್ತಿಕೊಳ್ಳುವ ಮುನ್ನ ಕಾಗದಪತ್ರ ಕೇಳಿ

ಮಾನ್ಯ ಸಂಪಾದಕರೇ,

ಪದವಿ ಮುಗಿಸಿ ಕೆಲಸಕ್ಕೆ ಸೇರುವ ಮುನ್ನ ಮೂರು ವಾರವೋ ಆರು ತಿಂಗಳೋ ನೇಪಾಳ, ಕಾಂಬೋಡಿಯಾ, ಕೀನ್ಯಾಗಳ ಮಕ್ಕಳ ಆಶ್ರಮಗಳಿಗೆ ಸೇವೆಗೆ ಹೋಗಬೇಕೆನ್ನುವ ಕ್ರೈಸ್ತ ಯುವಕ ಯುವತಿಯರು ಮೈಸೂರು, ಮಂಡ್ಯದ ಧರ್ಮಕೇಂದ್ರಗಳಲ್ಲೂ ಸಭೆಗಳಲ್ಲೂ ಇದ್ದಾರೆ. ಅವರ ಮನಸ್ಸಿನ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ಟಿಕೆಟ್ಟು, ಪ್ರಾರ್ಥನೆ, ಬೀಳ್ಕೊಡುಗೆ ಊಟಕ್ಕೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನಾದರೂ ಕಳುಹಿಸುವವರು ಅಲ್ಲಿನ ಮಕ್ಕಳ ರಕ್ಷಣೆಗೆ ಕೊಡಬೇಕು. ಅದಕ್ಕಾಗಿ ಈ ಪತ್ರ.

ಆಶ್ರಮದ ಗೇಟು ದಾಟಿದ ಕೂಡಲೇ ನಾಲ್ಕು ವರ್ಷದ ಮಗು ಓಡಿಬಂದು ಕಾಲು ತಬ್ಬಿಕೊಳ್ಳುತ್ತದೆ, ಎತ್ತಿಕೋ ಎಂದು ಕೈ ಚಾಚುತ್ತದೆ. ಹೋದವರು ಇದನ್ನು ಪ್ರೀತಿ ಎಂದುಕೊಳ್ಳುತ್ತಾರೆ, ಫೋಟೊ ತೆಗೆದು ಊರಿಗೆ ಕಳುಹಿಸುತ್ತಾರೆ. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅವಿತು, ಇಣುಕಿ ನೋಡಿ, ಧೈರ್ಯ ಬಂದ ಮೇಲೆ ಹತ್ತಿರ ಸುಳಿಯುತ್ತದೆ. ಗುರುತಿಲ್ಲದವರ ಮೇಲೆ ಬಿದ್ದು ಬರುವುದು, ನೋಡಿಕೊಳ್ಳುವ ಕೈಗಳು ಪದೇ ಪದೇ ಬದಲಾದ ಮಕ್ಕಳಲ್ಲಿ ಕಾಣುವ ಲಕ್ಷಣ. ಎಳೆಯ ಮಗುವಿಗೆ ತಾಯಿ ಅಥವಾ ತಾಯಿಯ ಜಾಗದಲ್ಲಿ ನಿಲ್ಲುವ ಒಬ್ಬರ ಎಡೆಬಿಡದ ಸಂಬಂಧ ಬೇಕೆಂದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟಿದ್ದರು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ, 136 ಆಶ್ರಮವಾಸಿ ಮಕ್ಕಳ ಅಧ್ಯಯನದಲ್ಲಿ ಎರಡು ವರ್ಷ ತುಂಬುವುದರೊಳಗೆ ಸಾಕು ಕುಟುಂಬ ಸೇರಿದವರು ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಈಗ ಲೆಕ್ಕ ಹಾಕಿ: ಮೂರು ವಾರಕ್ಕೊಂದು ತಂಡ ಬಂದರೆ ವರ್ಷಕ್ಕೆ 17 ತಂಡ. ಐದು ವರ್ಷ ಅಲ್ಲಿರುವ ಮಗುವಿಗೆ 85 ಅಗಲಿಕೆ. ಮೊದಮೊದಲು ಅತ್ತ ಮಗು ಆಮೇಲೆ ಅಳುವುದನ್ನೇ ಬಿಡುತ್ತದೆ. ಅದನ್ನು 'ಹೊಂದಿಕೊಂಡಿತು' ಎಂದು ವರದಿಯಲ್ಲಿ ಬರೆಯುವವರೂ ಇದ್ದಾರೆ.

ಆ ಮಕ್ಕಳು ನಿಜವಾಗಿ ಅನಾಥರೇ ಎಂಬುದು ಇನ್ನೊಂದು ಪ್ರಶ್ನೆ. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಆಶ್ರಮಗಳ ಸಂಖ್ಯೆ ಶೇ 75ರಷ್ಟು ಏರಿತು. ಯುನಿಸೆಫ್ ವಿಚಾರಿಸಿದಾಗ ಅಲ್ಲಿನ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೇಪಾಳದ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಂದ, ಓದಿಸುತ್ತೇವೆ ಎಂದು ತಂದೆತಾಯಿಯನ್ನು ನಂಬಿಸಿ ದಲ್ಲಾಳಿಗಳು ಕರೆತಂದ ಮಕ್ಕಳು ಕಠ್ಮಂಡುವಿನ ಆಶ್ರಮಗಳಲ್ಲಿ 'ಅನಾಥ'ರಾದರು. ವಿದೇಶಿ ಅತಿಥಿ ಬಂದಷ್ಟೂ ಕಾಣಿಕೆ ಬರುತ್ತದೆ, ಕಾಣಿಕೆ ಬಂದಷ್ಟೂ ಮಕ್ಕಳು ಬೇಕಾಗುತ್ತಾರೆ. ಆಶ್ರಮಗಳಿಗೆ ಪ್ರವಾಸ ಮತ್ತು ಸ್ವಯಂಸೇವೆಯಿಂದ ಆಗುವ ಕೇಡಿನ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆ 2019ರ ನಿರ್ಣಯದಲ್ಲೇ ಎಚ್ಚರಿಸಿದೆ.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಆಶ್ರಮಕ್ಕೆ ಪತ್ರ ಬರೆದು ಕೇಳಬೇಕಾದದ್ದು ಬಹಳವಿದೆ. ಆ ದೇಶದ ಸರ್ಕಾರದ ನೋಂದಣಿ ಪತ್ರದ ಪ್ರತಿ, ಅವಧಿ ಮುಗಿಯುವ ದಿನಾಂಕದ ಸಮೇತ. ಮಕ್ಕಳೆಷ್ಟು, ಅವರಲ್ಲಿ ತಂದೆತಾಯಿ ಇರುವವರೆಷ್ಟು, ಕಳೆದ ಒಂದು ವರ್ಷದಲ್ಲಿ ಮನೆಗೆ ಮರಳಿದವರೆಷ್ಟು. ಈ ಕೊನೆಯ ಪ್ರಶ್ನೆಗೆ 'ಯಾರೂ ಇಲ್ಲ' ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ. ಸಂಬಳದ ಆಯಾಗಳು ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ, ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ ಎಂದೂ ಕೇಳಿ. ನಿಮ್ಮ ಬಗ್ಗೆ ಅವರು ಏನೂ ವಿಚಾರಿಸದೆ 'ಬನ್ನಿ, ಯಾವಾಗ ಬೇಕಾದರೂ ಬನ್ನಿ' ಎಂದರೆ ಸಂತೋಷಪಡಬೇಡಿ; ಅದೇ ಬಾಗಿಲಿನಿಂದ ಬೇರೆಯವರೂ ಹೀಗೆಯೇ ಒಳಗೆ ಹೋಗುತ್ತಿದ್ದಾರೆ ಎಂದರ್ಥ. ಅತಿಥಿಗಳ ಮುಂದೆ ಮಕ್ಕಳನ್ನು ಕುಣಿಸುವುದು, ಶಾಲೆ ಬಿಡಿಸಿ ಹಾರ ಹಾಕಿಸುವುದು, ಕೊಟ್ಟ ಬಟ್ಟೆ ಬೀರುವಿನಲ್ಲೇ ಉಳಿದು ಮಕ್ಕಳು ಹರಕಲಲ್ಲೇ ಓಡಾಡುವುದು, ಮಗುವನ್ನು ಹೊರಗೆ ಸುತ್ತಾಡಿಸಿಕೊಂಡು ಬರಲು ಬಿಡುವುದು, ಇವೆಲ್ಲ ಕೆಟ್ಟ ಗುರುತುಗಳು. ವೀಸಾ ವಿಷಯವನ್ನೂ ಬಾಯಿಮಾತಿಗೆ ಬಿಡಬಾರದು. ನೇಪಾಳದಲ್ಲಿ ವಿದೇಶಿಯರು ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಸೇವೆ ಮಾಡುವುದೂ ನಿಯಮಕ್ಕೆ ವಿರುದ್ಧ. ಭಾರತೀಯರಿಗೆ ಅಲ್ಲಿ ವೀಸಾ ಬೇಡದಿರುವುದರಿಂದಲೇ ನಮ್ಮವರನ್ನು ಯಾರೂ ಯಾವ ಕಾಗದವನ್ನೂ ಕೇಳದೆ ಇರಬಹುದು; ಆಗ ವಿಚಾರಿಸುವ ಹೊಣೆ ಕಳುಹಿಸುವ ಚರ್ಚಿನದೇ.

ಹೋಗುವವರನ್ನೂ ಪರೀಕ್ಷಿಸಬೇಕು, ಫಾದರ್‌ಗೆ ಚಿಕ್ಕಂದಿನಿಂದ ಗೊತ್ತು ಎಂಬುದು ಸಾಲದು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಆದರೆ ಅದು ದಾಖಲಾದ ಪ್ರಕರಣಗಳನ್ನಷ್ಟೇ ಹೇಳುತ್ತದೆ. ಮಕ್ಕಳ ವಿರುದ್ಧದ ದೌರ್ಜನ್ಯದಲ್ಲಿ ಠಾಣೆಯ ಮೆಟ್ಟಿಲು ಹತ್ತದವೇ ಹೆಚ್ಚು. ಹಾಗಾಗಿ ಬಂಧುಗಳಲ್ಲದ ಇಬ್ಬರಿಗೆ, ಅವರಲ್ಲೊಬ್ಬರು ಈ ಹಿಂದೆ ಇವರ ಜೊತೆ ಕೆಲಸ ಮಾಡಿದವರಾಗಿರಲಿ, ಫೋನ್ ಮಾಡಿ ಕೇಳಿ: 'ನಿಮ್ಮ ಮಗುವನ್ನು ಇವರ ಬಳಿ ಬಿಟ್ಟು ಹೋಗುತ್ತೀರಾ?' ಉತ್ತರಕ್ಕೆ ಮುಂಚಿನ ಮೌನವನ್ನೂ ಗಮನಿಸಿ. ಕಾಗದದಲ್ಲಿ ಬರೆದುಕೊಡುವ ಶಿಫಾರಸಿನಲ್ಲಿ ಆ ಮೌನ ಸಿಗುವುದಿಲ್ಲ. ಲಸಿಕೆಗೂ ಸಮಯ ಬೇಕು: ಹೆಪಟೈಟಿಸ್ ಬಿ ಮೂರು ಡೋಸು ಮುಗಿಯಲು 6 ತಿಂಗಳು, ಕೀನ್ಯಾ, ಉಗಾಂಡಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಆಗದೆ ಹೊರಡಲೇಬಾರದು. ಒಂದೇ ಹಾಲಿನಲ್ಲಿ ಮೂವತ್ತು ಮಕ್ಕಳು ಮಲಗುವ ಕಡೆಗೆ ರೋಗ ಹೊತ್ತೊಯ್ದು ಯಾವ ಸೇವೆ?

ಆಶ್ರಮದೊಳಗಿನ ನಿಯಮಗಳು ಸರಳ, ಪಾಲಿಸುವುದೇ ಕಷ್ಟ. ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಎರಡನೆಯ ವಯಸ್ಕರು ಕಣ್ಣಳತೆಯಲ್ಲಿ ಇರಬೇಕು. ಸ್ನಾನ, ಶೌಚ, ಬಟ್ಟೆ ಬದಲಿಸುವುದು, ರಾತ್ರಿ ಮಲಗಿಸುವುದು ಖಾಯಂ ಆಯಾಗಳ ಕೆಲಸ. ಹೆಚ್ಚು ಹಚ್ಚಿಕೊಂಡ ಒಂದು ಮಗುವಿಗೆ ಮಾತ್ರ ಚಾಕಲೇಟು, ಬಳೆ ಕೊಡುವುದು ಬೇಡ. ಗುಟ್ಟಿನ ಉಡುಗೊರೆ ಕೊಡುವ ದೊಡ್ಡವರು ಒಳ್ಳೆಯವರು ಎಂದು ಮಗು ಕಲಿತರೆ, ಮುಂದೆ ಕೆಟ್ಟ ಉದ್ದೇಶದಿಂದ ಬರುವವನಿಗೆ ದಾರಿ ಸಲೀಸು. ಔಷಧಿ ಬಾಟಲಿಯನ್ನಂತೂ ಮುಟ್ಟಬೇಡಿ. ಪ್ಯಾರಾಸಿಟಮಾಲ್ ಸಿರಪ್‌ನಲ್ಲೇ 5 ಎಂ.ಎಲ್.ಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ 12 ಕಿಲೋ ಮಗುವಿಗೆ ಬೇಕಾದ 180 ಮಿಲಿಗ್ರಾಂ ಮೊದಲನೆಯದರಲ್ಲಿ 7.5 ಎಂ.ಎಲ್. ಆದರೆ ಎರಡನೆಯದರಲ್ಲಿ 3.6 ಎಂ.ಎಲ್. ಮಾತ್ರ. ಊರಿನ ಅಳತೆಯಲ್ಲೇ ಕೊಟ್ಟರೆ ಎರಡರಷ್ಟು ಹೋಗುತ್ತದೆ. ಅದು ಗೊತ್ತಿಲ್ಲದೆ ಪಾಳಿ ಬದಲಾದ ಆಯಾ ಮತ್ತೊಮ್ಮೆ ಕೊಡುತ್ತಾರೆ. ತಪ್ಪು ನಡೆಯುವುದು ಹೀಗೆಯೇ.

ಯಾರೋ ಹೊಡೆದರು, ಮುಟ್ಟಬಾರದ ಕಡೆ ಮುಟ್ಟಿದರು ಎಂದು ಮಗು ಹೇಳಿದರೆ ಏನು ಮಾಡಬೇಕೆಂಬುದನ್ನು ಇಲ್ಲಿಂದಲೇ ಕಲಿತು ಹೋಗಬೇಕು. ಮುಖದಲ್ಲಿ ಗಾಬರಿ ತೋರಿಸದೆ ಕೇಳಿಸಿಕೊಳ್ಳುವುದು. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡದಿರುವುದು. 'ಅವನೇ ತಾನೇ?' ಎಂಬಂಥ ಬಾಯಿಗೆ ಉತ್ತರ ತುರುಕುವ ಪ್ರಶ್ನೆ ಹಾಕಿದರೆ ಮುಂದೆ ನ್ಯಾಯಾಲಯದಲ್ಲಿ ಮಗುವಿನ ಹೇಳಿಕೆಯೇ ಬಿದ್ದುಹೋಗಬಹುದು. ಮಗು ಬಳಸಿದ ಪದಗಳನ್ನೇ, ದಿನಾಂಕ ಮತ್ತು ಸಮಯದೊಂದಿಗೆ ಅದೇ ದಿನ ಬರೆದಿಟ್ಟು ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಕೊಡಬೇಕು. ಆರೋಪ ಆಶ್ರಮದ ಮುಖ್ಯಸ್ಥರ ಮೇಲೆಯೇ ಇದ್ದರೆ? ಅದಕ್ಕೇ ಆ ದೇಶದ ಮಕ್ಕಳ ಸಹಾಯವಾಣಿಯ ಸಂಖ್ಯೆ ಜೇಬಿನಲ್ಲಿರಬೇಕು. ನೇಪಾಳದಲ್ಲೂ ನಮ್ಮಂತೆಯೇ 1098, ಕೀನ್ಯಾದಲ್ಲಿ 116. ಗಾಯದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಸಹಾಯವಲ್ಲ.

ಸುವಾರ್ತೆಯ ಬಗ್ಗೆಯೂ ಒಂದು ಮಾತು, ಕೆಲವರಿಗೆ ಹಿಡಿಸದಿದ್ದರೂ ಸರಿ. ತಟ್ಟೆಗೆ ಅನ್ನ ಬಡಿಸುವ ಕೈಯೇ ಪ್ರಾರ್ಥನೆಗೆ ಕರೆದಾಗ ಏಳು ವರ್ಷದ ಮಗುವಿಗೆ 'ಒಲ್ಲೆ' ಎನ್ನುವ ಸ್ವಾತಂತ್ರ್ಯ ಎಲ್ಲಿರುತ್ತದೆ? ಮನೆಯಿಂದ ದೂರವಾದ ಮಗುವಿನ ಧರ್ಮ, ಭಾಷೆ, ಸಂಸ್ಕೃತಿಗಳ ಹಿನ್ನೆಲೆಗೆ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಹೇಳುತ್ತದೆ. ತಮ್ಮ ನಂಬಿಕೆಯನ್ನು ಯಾರೂ ಬಚ್ಚಿಡಬೇಕಿಲ್ಲ, ಊಟಕ್ಕೂ ಪಾಠಕ್ಕೂ ಅದನ್ನು ಗಂಟು ಹಾಕದಿದ್ದರೆ ಆಯಿತು.

ಹಾಗಾದರೆ ಹೋಗುವುದೇ ಬೇಡವೇ ಎಂದು ಕೇಳುತ್ತಾರೆ. ಹೋಗಬಹುದು, ಉಳಿಯುವವರ ಕೈಗೆ ಬಲ ಕೊಡಲು. ಕೆಟ್ಟ ಪಂಪ್ ರಿಪೇರಿ, ಲೆಕ್ಕಪತ್ರ ಕಂಪ್ಯೂಟರಿಗೆ ಏರಿಸುವುದು, ಮಕ್ಕಳ ಕಡತಗಳನ್ನು ಜೋಡಿಸಲು ಗುಮಾಸ್ತರಿಗೆ ಕಲಿಸುವುದು, ಅಲ್ಲಿನ ಶಿಕ್ಷಕರಿಗೆ ಗಣಿತ ಪಾಠದ ತರಬೇತಿ. ಹೀಗೆ ಮಗುವಿನ ಮಡಿಲು ಬೇಡದ ಕೆಲಸಗಳು ಬೇಕಾದಷ್ಟಿವೆ, ಫೋಟೊಗೆ ಮಾತ್ರ ಚೆನ್ನಾಗಿ ಕಾಣುವುದಿಲ್ಲ. ಮಕ್ಕಳ ನಡುವೆಯೇ ಇರಬೇಕೆನ್ನುವವರು ಭಾಷೆ ಕಲಿತು, ವರ್ಷಗಟ್ಟಲೆ ನಿಲ್ಲುವ ಮನಸ್ಸು ಮಾಡಬೇಕು. ಕಿಟೆಲ್ ಈ ನಾಡಿಗೆ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಮೂರು ವಾರದ ಮಿಷನರಿಗಳ ಕಾಲ ಅದಾಗಿರಲಿಲ್ಲ. ಸುಮ್ಮನೆ ಹಣ ಕಳುಹಿಸುವುದೂ ಕೀಳಲ್ಲ. ಬಡತನಕ್ಕಾಗಿ ಮಗುವನ್ನು ಆಶ್ರಮಕ್ಕೆ ಬಿಡುವುದು ತಪ್ಪಲಿ ಎಂದು ನಮ್ಮಲ್ಲಿ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಕುಟುಂಬಕ್ಕೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಯಂತೆ ಕೊಡಲಾಗುತ್ತದೆ. ಒಬ್ಬರ ವಿಮಾನದ ಟಿಕೆಟ್ಟು, ವಿಮೆ, ಲಸಿಕೆಯ ಖರ್ಚನ್ನು ಈ ಲೆಕ್ಕದಿಂದ ಭಾಗಿಸಿ ನೋಡಬಹುದು.

ವಿದೇಶದಿಂದ ಇಲ್ಲಿಗೆ ಬರುವ ಯುವಜನರಿಗೂ ಇದೇ ಅಳತೆ. ಬಾಲನ್ಯಾಯ ಕಾಯ್ದೆ 2015ರ 41ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಮಕ್ಕಳ ಪಾಲನಾ ಸಂಸ್ಥೆ ನಡೆಸುವಂತಿಲ್ಲ. ಮಗುವಿನ ಗುರುತು ಬಯಲು ಮಾಡಿದರೆ 74ನೇ ಸೆಕ್ಷನ್‌ನಡಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಡ್ಡಾಯ ಮಾಡಿವೆ. ಬಿಳಿ ಚರ್ಮದ ಅತಿಥಿ ಎಂದ ಮಾತ್ರಕ್ಕೆ ಪರಿಶೀಲನೆ ಸಡಿಲವಾಗಬಾರದು.

ಕೊನೆಗೆ ಹಿಂತಿರುಗುವ ವಿಚಾರ. ಹೋದ ಮೊದಲ ದಿನವೇ, ಇಂಥ ದಿನ ಹೊರಡುತ್ತೇನೆ ಎಂದು ಮಕ್ಕಳಿಗೆ ಕ್ಯಾಲೆಂಡರ್‌ನಲ್ಲಿ ತೋರಿಸಬೇಕು. ಮಕ್ಕಳು ಮಲಗಿದ್ದಾಗ ಕದ್ದು ಹೊರಡುವುದು, ಬರುವ ಕ್ರಿಸ್‌ಮಸ್‌ಗೆ ಬರುತ್ತೇನೆ ಎಂದು ಸುಳ್ಳು ಆಸೆ ಹುಟ್ಟಿಸುವುದು ಎರಡೂ ಬೇಡ. ಫೋನ್ ನಂಬರ್ ಕೊಡಬೇಡಿ. ಪತ್ರ ಬರೆಯುವುದಿದ್ದರೆ ಆಶ್ರಮದ ವಿಳಾಸಕ್ಕೆ, ಎಲ್ಲ ಮಕ್ಕಳಿಗೂ ಸೇರಿಸಿ ಒಂದೇ ಪತ್ರ ಬರೆಯಿರಿ.

— ಮಕ್ಕಳ ರಕ್ಷಣಾ ಕ್ಷೇತ್ರದ ಕಾರ್ಯಕರ್ತರು, ಮೈಸೂರು