ಬೋರ್ ಮಾಡಿಸಿದ ಜೀಪಿಗೆ ಅತಿ ಉಪಚಾರವೂ ಕೇಡು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಮಲೆನಾಡಿನ ಗ್ಯಾರೇಜುಗಳ ಮುಂದೆ ಎಂಜಿನ್ ಇಳಿಸಿದ ಹಳೆಯ ಜೀಪುಗಳು ಸಾಲುಗಟ್ಟುತ್ತವೆ. ಕಾಫಿ ಕುಯ್ಲಿಗೆ ಮುಂಚೆ ಬೋರ್ ಮಾಡಿಸಿ (ಎಂದರೆ ಸವೆದ ಸಿಲಿಂಡರುಗಳನ್ನು ಒಳಗಿಂದ ಕೊರೆಸಿ), ಹೊಸ ಪಿಸ್ಟನ್ನು, ಅದರ ಸುತ್ತ ಬಳೆಯಂತೆ ಕೂರುವ ರಿಂಗು ಹಾಕಿಸಿ ತೋಟಕ್ಕೆ ಇಳಿಸಬೇಕೆಂಬ ಅವಸರ ನಮ್ಮದು. ಕೊಡಚಾದ್ರಿ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಚಾಲಕರದೂ ಅಂಥದೇ ಅವಸರ. ಆದರೆ ಇಷ್ಟು ದುಡ್ಡು ಸುರಿದ ಎಂಜಿನ್ನನ್ನು ಮೊದಮೊದಲು ಹೇಗೆ ಓಡಿಸಬೇಕೆಂಬುದನ್ನು ಗ್ಯಾರೇಜಿನವರು "ಸ್ವಲ್ಪ ದಿನ ಮೆಲ್ಲಗೆ ಓಡಿಸಿ ಸಾರ್" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಕೈಸುಟ್ಟುಕೊಂಡವನು ನಾನು.

ನನ್ನದು 2112 ಸಿಸಿ ಡೀಸೆಲ್ ಎಂಜಿನ್ನಿನ ಮಹೀಂದ್ರ ಎಂಎಂ 540. ಬೋರ್ ಆಗಿ ಬಂದ ಮೇಲೆ ಬಾಣಂತಿಯಂತೆ ನೋಡಿಕೊಂಡೆ. ಬೆಳಿಗ್ಗೆ ಅರ್ಧ ಗಂಟೆ ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಡುತ್ತಿದ್ದೆ. ಏರು ಹತ್ತಿಸಲಿಲ್ಲ, ಒಂದು ಮೂಟೆಯನ್ನೂ ಹೇರಲಿಲ್ಲ. ಎರಡು ತಿಂಗಳಲ್ಲಿ ನೀಲಿ ಹೊಗೆ ಕಾಣಿಸಿತು, ಆಯಿಲ್ ಇಳಿಯತೊಡಗಿತು. ಬಿಚ್ಚಿ ನೋಡಿದರೆ ಸಿಲಿಂಡರಿನ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು.

ಆ ಹೊಳಪೇ ರೋಗ. ಬೋರ್ ಮಾಡಿದ ನಂತರ ಹೋನಿಂಗ್‌ನಲ್ಲಿ, ಎಂದರೆ ಉಜ್ಜುಗಲ್ಲಿನಿಂದ ತೀಡುವಾಗ, ಗೋಡೆಯ ಮೇಲೆ ಜಾಳಿಗೆ ಹೆಣೆದಂತೆ ಸಣ್ಣ ಗೀರುಗಳನ್ನು ಬೇಕೆಂದೇ ಮೂಡಿಸುತ್ತಾರೆ. ಅವುಗಳ ಏಣು ತುಸು ಸವೆಯುತ್ತ ರಿಂಗ್ ಗೋಡೆಗೆ ಹೊಂದಿ ಕೂರಬೇಕು. ರಿಂಗನ್ನು ಬಲವಾಗಿ ಒತ್ತಿ ಹಿಡಿಯುವುದು ಅದರ ಹಿಂಬದಿಗೆ ನುಗ್ಗುವ ದಹನದ ಒತ್ತಡವೇ ಆದ್ದರಿಂದ, ಭಾರವಿಲ್ಲದೆ ತಿರುಗುವ ಎಂಜಿನ್ನಿನಲ್ಲಿ ಆ ಒತ್ತಡ ಸಾಲದೆ ರಿಂಗ್ ಕೂರುವುದಿಲ್ಲ; ಗೋಡೆಯ ಮೇಲೆ ಉಳಿದ ಆಯಿಲ್ ಸುಟ್ಟು ಗೀರುಗಳಲ್ಲಿ ಅರಗಿನಂತೆ ಗಟ್ಟಿಯಾಗುತ್ತದೆ. ಹಾಗೆಂದು ಮೊದಲ ವಾರವೇ ಹತ್ತು ಜನರನ್ನು ತುಂಬಿಕೊಂಡು ಕೊಡಚಾದ್ರಿ ಹತ್ತಿಸಿದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡೀತು. ಹದವಾದ ಭಾರ ಕೊಟ್ಟು, ವೇಗವನ್ನು ಏರಿಸಿ ಇಳಿಸುತ್ತ, ಏರಿನಲ್ಲಿ ಎಂಜಿನ್ ಏದುಸಿರು ಬಿಡುವ ಮುನ್ನ ಗೇರು ಇಳಿಸಿ ಓಡಿಸುವುದೇ ಸರಿ. ಎರಡನೆಯ ಸಲ ಮತ್ತೆ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕಿಸಿದ ಮೇಲೆ ನಾನು ನಾಲ್ಕು ಮೂಟೆ ಗೊಬ್ಬರ ಹೇರಿಕೊಂಡು ಕೊಟ್ಟಿಗೆಹಾರದವರೆಗೆ ದಿನವೂ ಹೋಗಿಬಂದೆ.

ಇನ್ನೊಂದು ತಪ್ಪು ಕಿಲೋಮೀಟರಿನ ಲೆಕ್ಕ. ಮೊದಲ ಆಯಿಲನ್ನು 500 ಕಿ.ಮೀ.ಗೆ ಬದಲಿಸಬೇಕೆಂಬ ಮಾತು ರಸ್ತೆಯ ಕಾರಿಗೆ ಸರಿಹೋದೀತು. ಫೋರ್‌ವೀಲ್‌ನ ಲೋ ಗೇರಿಗೆ ಹಾಕಿದ ಈ ಜೀಪಿನ ಎಂಜಿನ್ ಅದೇ ದೂರಕ್ಕೆ ಹೈ ಗೇರಿನಲ್ಲಿ ತಿರುಗುವುದರ ಸುಮಾರು ಎರಡೂವರೆ ಪಟ್ಟು ಸುತ್ತು ತಿರುಗುತ್ತದೆ. ತೋಟದಲ್ಲಿ ದಿನಕ್ಕೆ ಏಳೆಂಟು ಕಿ.ಮೀ. ತೆವಳುವ ಜೀಪಿಗೆ ಆ 500 ಮುಟ್ಟಲು ಎರಡು ತಿಂಗಳೇ ಬೇಕು. ಹೊಸ ರಿಂಗು ಸವೆದು ಉದುರಿದ ಲೋಹದ ಪುಡಿ ಅಷ್ಟು ಕಾಲವೂ ಆಯಿಲಿನಲ್ಲೇ ಸುತ್ತುತ್ತಿರುತ್ತದೆ. ಇಲ್ಲಿ ಎಂಜಿನ್ ಓಡಿದ ಗಂಟೆಯ ಲೆಕ್ಕವೇ ಮೇಲು. ದುಬಾರಿಯದೇ ಒಳ್ಳೆಯದೆಂದು ಮೊದಲಿಗೇ ಸಿಂಥೆಟಿಕ್ ಆಯಿಲ್ ಸುರಿಯುವವರೂ ಇದ್ದಾರೆ. ರಿಂಗ್ ಕೂರುವವರೆಗೆ ಸಾಮಾನ್ಯ ಮಿನರಲ್ ಆಯಿಲ್ ಸಾಕು.

ಗ್ಯಾರೇಜುಗಳ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ: ಯಾವ ಆಯಿಲ್, ಎಷ್ಟು ಗಂಟೆಗೆ ಬದಲಾವಣೆ, ಟ್ಯಾಪೆಟ್ (ವಾಲ್ವಿನ ಸಂದು) ಮತ್ತು ಎಂಜಿನ್ನಿನ ತಲೆಭಾಗವನ್ನು ಬಿಗಿಯುವ ಹೆಡ್ ಬೋಲ್ಟುಗಳನ್ನು ಮತ್ತೆ ನೋಡಿಸಲು ಯಾವಾಗ ಬರಬೇಕು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಾದರೂ ಬರೆದುಕೊಡಿ. ನನ್ನ ಎರಡನೆಯ ಬಿಲ್ಲಿನ ಹಿಂದೆ ಅದನ್ನು ನಾನೇ ಪಟ್ಟು ಹಿಡಿದು ಬರೆಯಿಸಿಕೊಂಡೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು