ಸೆಕೆಂಡ್ ಪಿಯುಸಿ ಮುಗೀತು, ಥ್ಯಾಂಕ್ಸ್ ಹೇಳ್ಬೇಕಾದವ್ರು ತುಂಬಾ ಜನ ಇದಾರೆ

ಎಲ್ರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಸೈನ್ಸ್ ಪಾಸಾಯ್ತು, ಫಿಸಿಕ್ಸ್ ಮ್ಯಾಥ್ಸ್ ಎರಡ್ರಲ್ಲೂ ಡಿಸ್ಟಿಂಕ್ಷನ್, ಬಿಎಸ್ಸಿಗೆ ಸೀಟೂ ಸಿಕ್ಕಿದೆ. ನಮ್ದು ಶಿಡ್ಲಘಟ್ಟ ಕಡೆ ಹಳ್ಳಿ, ಮನೇಲಿ ರೇಷ್ಮೆ, ಹತ್ತನೇ ಕ್ಲಾಸ್‌ವರೆಗೂ ಸರ್ಕಾರಿ ಶಾಲೆ ಕನ್ನಡ ಮೀಡಿಯಂ, ಟ್ಯೂಷನ್ನಿಗೆ ಅಂತ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಕಳ್ಸೋ ಶಕ್ತಿ ಮನೇಲಿ ಇರ್ಲಿಲ್ಲ. ಅಮ್ಮನ ಫೋನಲ್ಲಿ ಫ್ರೀಯಾಗಿ ಏನು ಸಿಗ್ತಿತ್ತೋ ಅದ್ರಲ್ಲೇ ಓದಿದ್ದು, ಅದಕ್ಕೇ ಅದನ್ನೆಲ್ಲ ಮಾಡಿಟ್ಟವ್ರಿಗೆ ಬಾಯ್ತುಂಬ ಥ್ಯಾಂಕ್ಸ್ ಹೇಳ್ಬೇಕು ಅನ್ನಿಸ್ತಿದೆ.

ಮೊದ್ಲು ಖಾನ್ ಅಕಾಡೆಮಿ, ಫ್ರೀಯಾಗಿ ವಿಡಿಯೋ ಪಾಠ ಸಿಗೋ ವೆಬ್‌ಸೈಟು. 2004ರಲ್ಲಿ ಸಲ್ಮಾನ್ ಖಾನ್ ಅನ್ನೋರು (ಆಕ್ಟರ್ ಅಲ್ಲ, ಅಮೆರಿಕದಲ್ಲಿರೋ ಮೇಷ್ಟ್ರು) ದೂರದ ಊರಲ್ಲಿದ್ದ ತಮ್ಮ ಕಸಿನ್ ಹುಡುಗಿಗೆ ಲೆಕ್ಕ ಹೇಳ್ಕೊಡೋಕೆ ಶುರು ಮಾಡಿದ್ದು ಇವತ್ತು ಕನ್ನಡದಲ್ಲೂ ಸಿಗುತ್ತೆ. ತ್ರಿಕೋನಮಿತಿ, ವರ್ಗ ಸಮೀಕರಣ ಎಲ್ಲ ಅಲ್ಲೇ ಗಟ್ಟಿ ಆಗಿದ್ದು. ಕ್ಲಾಸಲ್ಲಿ ಇನ್ನೊಂದ್ಸಲ ಹೇಳಿ ಅನ್ನೋಕೆ ಸಂಕೋಚ ಇರೋ ಮಕ್ಕಳಿಗೆ ವಿಡಿಯೋ ನಿಲ್ಲಿಸಿ ಹಿಂದಕ್ಕೆ ಹೋಗಿ ಎಷ್ಟ್ ಸಲ ಬೇಕಾದ್ರೂ ಕೇಳ್ಬೋದು ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ನಂಗೆ ಗೊತ್ತು.

ಆದ್ರೆ ಫಿಸಿಕ್ಸ್ ಮೇಲೆ ಪ್ರೀತಿ ಹುಟ್ಟಿಸಿದ್ದು ಫೆಟ್ (PhET) ಸಿಮ್ಯುಲೇಷನ್‌ಗಳು, ಅಂದ್ರೆ ಸ್ಕ್ರೀನಲ್ಲೇ ಪ್ರಯೋಗ ಮಾಡಿ ನೋಡೋವು. 2001ರಲ್ಲಿ ಫಿಸಿಕ್ಸ್ ನೊಬೆಲ್ ತಗೊಂಡ ಕಾರ್ಲ್ ವೈಮನ್ ಮಾರನೇ ವರ್ಷಾನೇ ಕೊಲರಾಡೋ ಯೂನಿವರ್ಸಿಟಿಯಲ್ಲಿ ಇದನ್ನ ಶುರು ಮಾಡಿದ್ರು, ನೊಬೆಲ್ ತಗೊಂಡೋರು ಓದೋ ಮಕ್ಕಳಿಗೆ ಅರ್ಥ ಆಗ್ಲಿ ಅಂತ ಕೂತ್ಕೊಂಡ್ರಲ್ಲ, ಅದು ನಂಗೆ ಬಹಳ ದೊಡ್ಡದು ಅನ್ಸುತ್ತೆ. ಅದ್ರಲ್ಲಿ ಒಂದು ಫಿರಂಗಿ ಇದೆ, ನೆಲದ ಮಟ್ಟಕ್ಕಿಟ್ಟು 30 ಡಿಗ್ರಿಗೆ ಹಾರಿಸಿ, ಆಮೇಲೆ ಅದೇ ವೇಗದಲ್ಲಿ 60 ಡಿಗ್ರಿಗೆ ಹಾರಿಸಿ, ಗುಂಡು ಎರಡು ಸಲಾನೂ ಒಂದೇ ಜಾಗದಲ್ಲಿ ಬೀಳುತ್ತೆ! ಒಂದು ತಗ್ಗಾಗಿ ಬೇಗ ಹೋಗುತ್ತೆ, ಇನ್ನೊಂದು ಮೇಲಕ್ಕೆ ಹೋಗಿ ನಿಧಾನಕ್ಕೆ ಬರುತ್ತೆ, ದೂರ ಮಾತ್ರ ಅಷ್ಟೇ. ದೂರದ ಫಾರ್ಮುಲಾದಲ್ಲಿ ಸೈನ್ 2 ಥೀಟಾ (ಥೀಟಾ ಅಂದ್ರೆ ಹಾರಿಸೋ ಕೋನ) ಯಾಕೆ ಇದೆ ಅಂತ ಆವಾಗ ಹೊಳೀತು, 60ರ ಸೈನೂ 120ರ ಸೈನೂ ಒಂದೇ ಅಲ್ವಾ. ಗಾಳಿಯ ತಡೆ ಆನ್ ಮಾಡಿದ್ರೆ ಈ ಲೆಕ್ಕ ಕೆಡುತ್ತೆ, 60 ಡಿಗ್ರಿದು ಹಿಂದೆ ಬೀಳುತ್ತೆ, ಅದನ್ನೂ ನೋಡಿ. ಸರ್ಕ್ಯೂಟ್ ಕಿಟ್ಟಲ್ಲಿ ಬಲ್ಬುಗಳನ್ನ ಸರಣಿಯಲ್ಲೂ ಸಮಾಂತರದಲ್ಲೂ ಜೋಡ್ಸಿ ನೋಡ್ಬೋದು, ಶಾರ್ಟ್ ಆದ್ರೆ ಬ್ಯಾಟರಿಗೆ ಬೆಂಕಿ ಹತ್ತೋದು ಸ್ಕ್ರೀನಲ್ಲೇ, ಏನೂ ಹಾಳಾಗಲ್ಲ. ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ದೇನೂ ಓಡುತ್ತೆ, ನಮ್ಮೂರಿನ ಸಿಗ್ನಲ್ ಗೊತ್ತಿರೋರಿಗೆ ಇದರ ಬೆಲೆ ಗೊತ್ತು.

ಗ್ರಾಫ್ ಬಿಡಿಸಿ ತೋರ್ಸೋ ಮ್ಯಾಥ್ಸ್ ಸಾಫ್ಟ್‌ವೇರ್ ಜಿಯೋಜೀಬ್ರಾಗೂ ಥ್ಯಾಂಕ್ಸ್, ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಓದ್ತಿದ್ದಾಗ್ಲೇ 2001ರಲ್ಲಿ ಶುರು ಮಾಡಿದ್ದು. ಸ್ಲೈಡರ್ ಎಳೀತಿದ್ರೆ ವರ್ಗ ಸಮೀಕರಣದ ಗ್ರಾಫ್, ಅಂದ್ರೆ ಪ್ಯಾರಾಬೋಲಾ, ಎಕ್ಸ್ ಅಕ್ಷ ಬಿಟ್ಟು ಮೇಲಕ್ಕೆ ಹೋಗುತ್ತೆ, ಶೋಧಕ (b² − 4ac) ಸೊನ್ನೆಗಿಂತ ಕಮ್ಮಿ ಆದ್ರೆ ವಾಸ್ತವ ಮೂಲ ಇಲ್ಲ ಅನ್ನೋದು ಕಣ್ಣಿಗೇ ಕಾಣುತ್ತೆ. ಎನ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್, ಬೋರ್ಡ್ ಹಾಕೋ ಮಾದರಿ ಪ್ರಶ್ನೆಪತ್ರಿಕೆ, ಇವೂ ಕೈ ಹಿಡಿದ್ವು.

ಇದೆಲ್ಲ ಇದೆ ಅಂತ ತೋರಿಸಿಕೊಟ್ಟಿದ್ದು ನಮ್ಮ ಹೈಸ್ಕೂಲ್ ಸೈನ್ಸ್ ಮೇಡಂ. ಸ್ವಂತ ಲ್ಯಾಪ್‌ಟಾಪ್ ತಂದು ಮಧ್ಯಾಹ್ನ ಊಟ ಆದ್ಮೇಲೆ ತೋರಿಸ್ತಿದ್ರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿಂದ ಓದೋಕೆ ಅಂತ ಬೆಂಗಳೂರಿಗೆ ನಡ್ಕೊಂಡೇ ಹೋಗಿ, ಫಿಸಿಕ್ಸ್ ಮೇಷ್ಟ್ರಾಗಿ ಆಮೇಲೆ ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆದ ಎಚ್. ನರಸಿಂಹಯ್ಯನವರ ಬಗ್ಗೆ ಮೊದ್ಲು ಕೇಳಿದ್ದೂ ಅವ್ರ ಬಾಯಲ್ಲೇ. ಮೇಡಂ, ನಿಮ್ಮನ್ನ ಯಾವತ್ತೂ ಮರೆಯಲ್ಲ.

ಅಪ್ಪ ಅಮ್ಮಂಗೆ ಏನ್ ಹೇಳ್ಲಿ. ನಾಕನೇ ಜ್ವರ (ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ) ಎದ್ದ ರೇಷ್ಮೆ ಹುಳಕ್ಕೆ ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ, ಮನೆಯವ್ರೆಲ್ಲ ನಿದ್ದೆಗೆಟ್ಟು ದುಡಿಯೋ ಟೈಮು, ಅಂಥಾದ್ರಲ್ಲೂ ಪರೀಕ್ಷೆ ಹತ್ರ ಬಂದಾಗ ನೀನು ಓದ್ಕೋ ಹೋಗು ಅಂತ ಫೋನ್ ಕೈಗೆ ಕೊಟ್ಟು ಕಳಿಸ್ತಿದ್ರು.

ಈ ಸಲ ಪಿಯುಸಿ ಸೈನ್ಸ್ ಸೇರ್ತಿರೋ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ತಮ್ಮ ತಂಗಿಯರು ಯಾರಾದ್ರೂ ಇದ್ರೆ ಕೇಳಿ, ಫೆಟ್ ಫೈಲುಗಳು, ಹಳೇ ಪ್ರಶ್ನೆಪತ್ರಿಕೆಗಳು ಎಲ್ಲ ಪೆನ್‌ಡ್ರೈವಲ್ಲಿ ಹಾಕಿಟ್ಟಿದೀನಿ, ಕಾಪಿ ಮಾಡ್ಕೊಡ್ತೀನಿ.