ಸೂಟ್‌ಕೇಸ್ ತೂಗದ ಒಂದು ರಜೆ

ಕಳೆದ ಭಾನುವಾರ ಇಲ್ಲಿ ಬ್ರಿಟನ್ನಿನ ನಮ್ಮ ಕನ್ನಡ ಶಾಲೆಯ ಟೀಚರ್ ಅವರಿಗೆ ಜ್ವರ ಬಂದಿದ್ದರಿಂದ ಎರಡನೆಯ ಗುಂಪಿನ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಈ ಪತ್ರಿಕೆಯ ಯುಗಾದಿ ಸಂಚಿಕೆಯ ಮಕ್ಕಳ ಪುಟ ಇನ್ನೂ ಖಾಲಿಯಿತ್ತು. ಹೇಗೂ ಸಮಯ ಸಿಕ್ಕಿದೆಯಲ್ಲ ಎಂದು ‘ರಜೆ ಎಂದರೆ ಏನು?’ ಎಂದು ಹಲಗೆಯ ಮೇಲೆ ಬರೆದು, ಎಲ್ಲರೂ ಒಂದೊಂದು ವಾಕ್ಯ ಬರೆಯಿರಿ ಎಂದೆ. ಎಂಟು ವರ್ಷದ ಒಬ್ಬ ಹುಡುಗ ‘ಕೇಸ್’ ಅನ್ನು ಎರಡು ಸಲ ಅಳಿಸಿ ತಿದ್ದಿ ನನ್ನ ಕೈಗೆ ಕೊಟ್ಟ ವಾಕ್ಯ ಇದು: ‘ರಜೆ ಎಂದರೆ ಸೂಟ್‌ಕೇಸ್ ತೂಕ ಮಾಡುವುದು.’

ಆ ಚೀಟಿ ಈಗಲೂ ನನ್ನ ಮೇಜಿನ ಮೇಲಿದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮೆಲ್ಲರ ಮನೆಯಲ್ಲಿಯೂ ನಡೆಯುವುದನ್ನೇ ಆ ಹುಡುಗ ಬರೆದಿದ್ದಾನೆ. ತೂಕದ ಯಂತ್ರ ಬಾತ್‌ರೂಮಿನಿಂದ ಹಜಾರಕ್ಕೆ ಬರುತ್ತದೆ, ಮನೆಯ ಯಜಮಾನರು ಪೆಟ್ಟಿಗೆಯನ್ನು ಎತ್ತಿ ಹಿಡಿದು ಅದರ ಮೇಲೆ ನಿಲ್ಲುತ್ತಾರೆ, ಅವರ ತೂಕವನ್ನು ಕಳೆದು 23 ಕೆಜಿಗೆ ಸರಿ ಬರುವವರೆಗೆ ಸಾಮಾನು ಒಳಗೆ ಹೊರಗೆ ಆಗುತ್ತಲೇ ಇರುತ್ತದೆ. ಊರಿನಲ್ಲಿ ಮೂರು ವಾರಕ್ಕೆ ಹದಿನೈದು ಮನೆ, ಎರಡು ಮದುವೆ, ಬ್ಯಾಂಕಿನ ಕೆಲಸ, ಹಲ್ಲಿನ ಡಾಕ್ಟರು. ಮರಳುವಾಗ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯೊಂದಿಗೆ ಮತ್ತೆ ಅದೇ ತೂಕ. ಊರಿಗೆ ಹೋಗುವುದು ನಮಗೆ ಬೇಕು, ಅದನ್ನು ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಅದನ್ನೇ ಮಕ್ಕಳ ರಜೆ ಎಂದು ಲೆಕ್ಕ ಹಾಕಬಾರದೆಂಬುದು ಆ ಚೀಟಿಯನ್ನು ಓದಿದಾಗ ನನಗೆ ಮನದಟ್ಟಾಯಿತು.

ಕಳೆದ ವರ್ಷ ನಮಗೆ ಊರಿಗೆ ಹೋಗಲು ಆಗಲಿಲ್ಲ. ಆಗಸ್ಟಿನಲ್ಲಿ ಎಂಟು ದಿನ ಇಟಲಿಯ ಸಿಸಿಲಿ ದ್ವೀಪದ ಉತ್ತರ ದಂಡೆಯಲ್ಲಿರುವ ಚೆಫಲೂ ಎಂಬ ಚಿಕ್ಕ ಊರಿನಲ್ಲಿ ಇದ್ದು ಬಂದೆವು. ದೀಪಾವಳಿಯ ಕೂಟದಿಂದ ಈಚೆಗೆ ಅದರ ಬಗ್ಗೆ ಕೇಳಿದವರು ಅನೇಕರು. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆ ಪೂರ್ತಿಯಾಗಿ ಬರೆಯುವುದು ಒಳ್ಳೆಯದೆಂದು ಈ ಬಾರಿಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಯೋಜನೆ ಹಾಕಿದಾಗ ನಾವೂ ಎಂಟು ದಿನಕ್ಕೆ ರೋಮ್, ನೇಪಲ್ಸ್, ಪಲೆರ್ಮೊ ಎಂದು ಪಟ್ಟಿ ಮಾಡಿದ್ದೆವು. ಆ ಪಟ್ಟಿಯನ್ನು ಹರಿದು ಹಾಕಿಸಿದ್ದು ಕುಮಟೆಯ ನನ್ನ ದೊಡ್ಡಮ್ಮನ ಮನೆಯ ನೆನಪು. ಪ್ರತಿ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮರುದಿನವೇ ಶಿರಸಿಯಿಂದ ಬೆಳಗಿನ ಬಸ್ಸು ಹತ್ತಿ ದೇವಿಮನೆ ಘಟ್ಟ ಇಳಿಯುತ್ತಿದ್ದೆವು. ತಿರುವುಗಳಲ್ಲಿ ಹೊಟ್ಟೆ ತೊಳಸಬಾರದೆಂದು ಅಮ್ಮ ಕೈಗೊಂದು ನಿಂಬೆಹಣ್ಣು ಕೊಡುತ್ತಿದ್ದಳು. ಅದನ್ನು ಮೂಸುತ್ತ ಮೂಸುತ್ತ ಕೆಳಗಿಳಿದಂತೆ ಗಾಳಿ ಬಿಸಿಯಾಗಿ, ಅಂಟಾಗಿ, ಉಪ್ಪಾಗಿ ಮುಖಕ್ಕೆ ಬಡಿಯುತ್ತಿತ್ತು. ದೊಡ್ಡಮ್ಮ ಅಂಗಳದ ತುದಿಯಲ್ಲಿಯೇ ನಿಂತು ‘ಆಸ್ರಿಗೆ ಎಂತ ಬೇಕು?’ ಎಂದು ಕೇಳುವಳು. ಏನು ಬೇಕೆಂದರೂ ಬರುತ್ತಿದ್ದುದು ಬೆಲ್ಲ ಹಾಕಿದ, ಚಿಟಿಕೆ ಉಪ್ಪು ಬಿದ್ದ, ಮುರುಗಲು ಹಣ್ಣಿನ ಕೆಂಪು ಪಾನಕವೇ. ಆಮೇಲೆ ಒಂದು ತಿಂಗಳು ಒಂದೇ ದಿನ ಮತ್ತೆ ಮತ್ತೆ ಬರುತ್ತಿತ್ತು. ಬೆಳಗ್ಗೆ ದೋಸೆ, ಮಧ್ಯಾಹ್ನ ಅಪ್ಪೆಹುಳಿಯ ಊಟ ಮತ್ತು ಜಗಲಿಯ ತಂಪಿನಲ್ಲಿ ನಿದ್ದೆ, ನಾಲ್ಕು ಗಂಟೆಯಾದ ಮೇಲೆ ವನ್ನಳ್ಳಿಯ ಕಡಲ ದಂಡೆ. ‘ಕೂಸೆ, ಮಂಡಿ ದಾಟಿ ಹೋಗಡ’ ಎಂಬುದೊಂದೇ ಕಟ್ಟಳೆ. ಕತ್ತಲಾಗುವ ಹೊತ್ತಿಗೆ ಮರಳಿ ಬಂದರೆ ಬಾವಿಕಟ್ಟೆಯ ಬಳಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕಾಲಿಗೂ ಎರಡೆರಡು ಚೊಂಬು ನೀರು ಹಾಕಿ, ಬಾಗಿಲಲ್ಲಿ ಹಾಸಿದ ಗೋಣಿಚೀಲಕ್ಕೆ ಪಾದ ಒರೆಸಿಯೇ ಒಳಗೆ ಬರಬೇಕು. ಅಷ್ಟೆಲ್ಲ ಮಾಡಿದರೂ ರಾತ್ರಿ ಚಾಪೆಯ ಎಳೆಗಳ ನಡುವೆ ಸಿಕ್ಕಿಕೊಂಡ ಮರಳು ಬೆನ್ನಿಗೆ ಚುಚ್ಚುತ್ತಿತ್ತು. ಯಾವ ವರ್ಷ ಏನು ಮಾಡಿದೆವೆಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆ ಮರಳು ಮಾತ್ರ ನೆನಪಿದೆ.

ಆದ್ದರಿಂದ ನನ್ನ ಸಲಹೆ ಒಂದೇ: ಒಂದು ಚಿಕ್ಕ ಊರು, ಒಂದು ಮನೆ, ಎಲ್ಲ ದಿನವೂ ಅಲ್ಲೇ ವಾಸ. ಮಕ್ಕಳು ಮೂರನೆಯ ದಿನಕ್ಕೆ ಬೀದಿಯ ಬೆಕ್ಕುಗಳನ್ನು ಗುರುತು ಹಿಡಿಯುತ್ತಾರೆ, ನಾಲ್ಕನೆಯ ದಿನಕ್ಕೆ ಬೇಕರಿಯವರು ಅವರನ್ನು ಗುರುತು ಹಿಡಿಯುತ್ತಾರೆ.

ಚೆಫಲೂ ಇದಕ್ಕೆ ಹೇಳಿ ಮಾಡಿಸಿದ ಊರು. ಪಲೆರ್ಮೊ ನಗರದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರ. ಪಲೆರ್ಮೊದ ಮುಖ್ಯ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಬಹುದು, ಇಳಿದ ಮೇಲೆ ಹಳೆಯ ಊರಿಗೂ ಕಡಲಿಗೂ ನಡೆದೇ ಹೋಗಬಹುದು. ಕಾರು ಬೇಡವೇ ಬೇಡ. ಇಟಲಿಯ ಹಳೆಯ ಊರುಗಳ ಒಳಗೆ ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ಬೀದಿಗಳಿದ್ದು, ತಿಳಿಯದೆ ನುಗ್ಗಿದರೆ ಕ್ಯಾಮೆರಾ ಹಿಡಿದ ದಂಡದ ಕಾಗದ ತಿಂಗಳುಗಳ ನಂತರ ಇಲ್ಲಿನ ಮನೆಗೆ ಬರುತ್ತದೆ. ಮರಳಿನ ದಂಡೆ ಊರಿಗೆ ಅಂಟಿಕೊಂಡೇ ಇದೆ, ನೀರು ಬಹಳ ದೂರದವರೆಗೆ ಆಳವಿಲ್ಲ, ಆಗಸ್ಟಿನಲ್ಲಿ 26 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಇಲ್ಲಿನ ಉತ್ತರ ಸಮುದ್ರದಲ್ಲಿ ಕಾಲಿಟ್ಟು ಕಿರುಚಿ ಓಡಿಬಂದ ಮಕ್ಕಳು ಅಲ್ಲಿ ಸಂಜೆಯವರೆಗೆ ಮೇಲೆ ಬರಲಿಲ್ಲ. ಇನ್ನೊಂದು ವಿಷಯ ನಮ್ಮ ಮಗಳೇ ಕಂಡುಹಿಡಿದದ್ದು. ಬೆಳಗ್ಗೆ ಕಟ್ಟಿದ ಮರಳಿನ ಮನೆ ಸಂಜೆಗೂ ಹಾಗೆಯೇ ಇತ್ತು. ಮೆಡಿಟರೇನಿಯನ್ ಸಮುದ್ರ ಮಹಾಸಾಗರಕ್ಕೆ ತೆರೆದುಕೊಳ್ಳುವುದು ಜಿಬ್ರಾಲ್ಟರ್‌ನ ಇಕ್ಕಟ್ಟಾದ ಜಲಸಂಧಿಯ ಮೂಲಕ ಮಾತ್ರ, ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 14 ಕಿಲೋಮೀಟರ್. ಹೀಗಾಗಿ ಆ ದಂಡೆಯಲ್ಲಿ ಉಬ್ಬರವಿಳಿತದ ಅಂತರ ಒಂದು ಮೊಳವೂ ಇಲ್ಲ. ವಿಡಿಯೊ ಕರೆಯಲ್ಲಿ ಆ ಕಡಲನ್ನು ತೋರಿಸಿದಾಗ ಕುಮಟೆಯ ದೊಡ್ಡಮ್ಮ ಬಹಳ ಹೊತ್ತು ನೋಡಿ, ‘ತೆರೆ ಎಲ್ಲಿ?’ ಎಂದು ಕೇಳಿದಳು.

ದಂಡೆಯಲ್ಲಿ ಹಣ ಕೊಟ್ಟು ಕೊಡೆ, ಕುರ್ಚಿ ಪಡೆಯುವ ಭಾಗಗಳೂ ಇವೆ, ‘ಸ್ಪಿಯಾಜಾ ಲಿಬೆರಾ’ ಎಂಬ ಉಚಿತ ಭಾಗವೂ ಇದೆ. ಚಿಕ್ಕ ಮಕ್ಕಳಿದ್ದರೆ ನೆರಳಿಗಾಗಿ ಹಣ ಕೊಡುವುದೇ ಮೇಲು. ಕೆಂಪು ಬಾವುಟ ಹಾರಿಸಿದ ದಿನ ನೀರಿಗೆ ಇಳಿಯಬಾರದು. ಲೋಳೆಮೀನು ಕುಟುಕಿದರೆ ಆ ಜಾಗವನ್ನು ಸಮುದ್ರದ ನೀರಿನಿಂದಲೇ ತೊಳೆಯಬೇಕು, ನಲ್ಲಿಯ ನೀರು ಹಾಕಿದರೆ ಉರಿ ಹೆಚ್ಚುತ್ತದೆ. ನಾವು ಮಾಡಿದ ದೊಡ್ಡ ತಪ್ಪೆಂದರೆ ಊರಿನ ತಲೆಯ ಮೇಲೆ ನಿಂತಿರುವ ‘ರೋಕಾ’ ಎಂಬ 270 ಮೀಟರಿನ ಬಂಡೆಯನ್ನು ನಡುಮಧ್ಯಾಹ್ನ ಹತ್ತಲು ಹೋದದ್ದು. ನೆರಳಿಲ್ಲದ ಮೆಟ್ಟಿಲುಗಳ ಅರ್ಧದಲ್ಲಿ ಚಿಕ್ಕವನ ಮುಖ ಕೆಂಪಾಗಿ, ಮಾತು ನಿಂತು, ಕುಡಿಸಿದ ನೀರೂ ವಾಂತಿಯಾಯಿತು. ಅವನನ್ನು ಹೊತ್ತು ಕೆಳಗಿಳಿದ ಆ ಇಪ್ಪತ್ತು ನಿಮಿಷ ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ. ಹತ್ತುವುದಿದ್ದರೆ ಬೆಳಗ್ಗೆ ಬಂಡೆಯ ಹಾದಿಯ ಬಾಗಿಲು ತೆರೆದ ಕೂಡಲೇ ಹತ್ತಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಲ್ಲಿನ ಅಂಗಡಿಗಳೇ ಮುಚ್ಚಿ ಮಲಗುತ್ತವೆ, ನೀವೂ ಮಕ್ಕಳನ್ನು ಮಲಗಿಸಿ. ಹೋಟೆಲುಗಳಲ್ಲಿ ರಾತ್ರಿಯ ಊಟ ಏಳೂವರೆಗಿಂತ ಮೊದಲು ಸಿಗುವುದು ಕಷ್ಟ, ಆ ನಿದ್ದೆ ಆಗ ಉಪಯೋಗಕ್ಕೆ ಬರುತ್ತದೆ.

ಊಟದ ಚಿಂತೆ ಎಲ್ಲರಿಗೂ ಇದೆ. ಸಸ್ಯಾಹಾರಿಗಳು ಸಿಸಿಲಿಯಲ್ಲಿ ಹಸಿದಿರಬೇಕಾಗಿಲ್ಲ. ಕಡಲೆಹಿಟ್ಟನ್ನು ನೀರಿನಲ್ಲಿ ಬೇಯಿಸಿ, ತಣಿಸಿ, ತೆಳ್ಳಗೆ ಕತ್ತರಿಸಿ ಎಣ್ಣೆಯಲ್ಲಿ ಕರಿದ ‘ಪನೆಲ್ಲೆ’ಯನ್ನು ಬನ್ನಿನ ನಡುವೆ ಇಟ್ಟು ಕೊಡುತ್ತಾರೆ, ನಮ್ಮ ಬಜ್ಜಿಗೆ ಹತ್ತಿರದ ನಂಟು. ಬದನೆಕಾಯಿಯ ‘ಕಪೊನಾತಾ’ ಹುಳಿಸಿಹಿಯಾಗಿದ್ದು ಗೊಜ್ಜನ್ನೇ ನೆನಪಿಸುತ್ತದೆ. ಆದರೆ ‘ಅರಂಚಿನಾ’ ಎಂಬ ಅನ್ನದ ಉಂಡೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ‘ಬೆಣ್ಣೆಯದು’ ಎಂದು ಬರೆದಿರುವುದರ ಒಳಗೆ ಸಾಮಾನ್ಯವಾಗಿ ಹಂದಿಮಾಂಸದ ಚೂರುಗಳಿರುತ್ತವೆ. ಹೆಸರು ನಂಬಿ ಕೊಂಡು, ಮಗಳ ಕೈಯಿಂದ ಮರಳಿ ಕಸಿದುಕೊಳ್ಳಬೇಕಾಯಿತು. ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಿರಿ. ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ; ತುಪ್ಪದ ಸೀಸೆ ಮನೆಯಲ್ಲಿಯೇ ಇರಲಿ, ಕರಿಬೇವೂ ಬೇಡ. ಆದರೆ ತೆಂಗಿನಕಾಯಿಗೂ ಬಾಳೆಹಣ್ಣಿಗೂ ಅಡ್ಡಿಯಿಲ್ಲ. ಸಾರಿನ ಪುಡಿ ಮತ್ತು ಚಿಕ್ಕ ಕುಕ್ಕರ್ ಸಾಕು. ಅಲ್ಲಿನ ‘ಆರ್ಬೋರಿಯೊ’ ಅಕ್ಕಿ ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ನೋಡುವ ಸ್ಥಳಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎರಡು ಮಾತ್ರ. ಎರಡನೆಯ ರೋಜರ್ ಎಂಬ ನಾರ್ಮನ್ ದೊರೆ 1131ರಲ್ಲಿ ಕಟ್ಟಿಸಲು ಆರಂಭಿಸಿದ, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ದೊಡ್ಡ ಚರ್ಚಿನಲ್ಲಿ ಬಂಗಾರದ ಬಣ್ಣದ ಹರಳುಗಳಿಂದ ಮಾಡಿದ ಕ್ರಿಸ್ತನ ಚಿತ್ರವಿದೆ. ಅವನ ಕೈಯಲ್ಲಿರುವ ತೆರೆದ ಪುಸ್ತಕದ ಒಂದು ಪುಟ ಗ್ರೀಕ್, ಇನ್ನೊಂದು ಪುಟ ಲ್ಯಾಟಿನ್, ಎರಡರಲ್ಲಿಯೂ ಒಂದೇ ಮಾತು. ‘ಇವನಿಗೂ ಎರಡು ಭಾಷೆ ಬರುತ್ತದಾ ಅಮ್ಮಾ?’ ಎಂದು ನಮ್ಮ ಮಗ ಜೋರಾಗಿ ಕೇಳಿದ್ದು ಚರ್ಚಿನ ತುಂಬ ಕೇಳಿಸಿತು. ಇನ್ನೊಂದು, ಹಳೆಯ ಊರಿನೊಳಗೆ ಮೆಟ್ಟಿಲಿಳಿದು ಹೋಗಬೇಕಾದ ಬಟ್ಟೆ ಒಗೆಯುವ ಕಟ್ಟೆ. ಸಿಂಹದ ಬಾಯಿಗಳಿಂದ ತಣ್ಣನೆಯ ನೀರು ಕಲ್ಲಿನ ತೊಟ್ಟಿಗಳಿಗೆ ಬೀಳುತ್ತದೆ, ಬಟ್ಟೆ ಉಜ್ಜುವ ಇಳಿಜಾರು ಕಲ್ಲುಗಳು ನುಣುಪಾಗಿ ಸವೆದಿವೆ. ಅಲ್ಲಿ ನಿಂತಾಗ ದೊಡ್ಡಮ್ಮನ ಬಾವಿಕಟ್ಟೆ ನೆನಪಾಗಿ ನನಗೆ ಕಣ್ಣು ತುಂಬಿತು. ಆಗಸ್ಟ್ 6ರಂದು ಅಲ್ಲಿದ್ದರೆ ಊರಹಬ್ಬದ ‘ನ್ತಿನ್ನಾ ಆ ಮಾರಿ’ ಆಟವನ್ನು ತಪ್ಪಿಸಿಕೊಳ್ಳಬೇಡಿ. ಕಡಲಿನ ಮೇಲೆ ಅಡ್ಡಲಾಗಿ ಚಾಚಿದ, ಜಿಡ್ಡು ಸವರಿದ ಉದ್ದನೆಯ ಮರದ ಕಂಬದ ಮೇಲೆ ಯುವಕರು ಬರಿಗಾಲಿನಲ್ಲಿ ಓಡಿ ತುದಿಯ ಬಾವುಟ ಹಿಡಿಯಬೇಕು. ನಮ್ಮ ಗೋಕುಲಾಷ್ಟಮಿಯ ಜಾರುಕಂಬವನ್ನು ಮಲಗಿಸಿದಂತೆ ಇರುತ್ತದೆ. ಆಗಸ್ಟ್ 15ರ ಸುತ್ತ ಇಟಲಿಯೇ ಕಡಲಿಗೆ ಇಳಿಯುತ್ತದೆ, ಆ ವಾರ ಬೇಡ.

ಜೂನ್ ತಿಂಗಳು ಇನ್ನೂ ಹಿತ, ಆದರೆ ಶಾಲೆ ಇರುತ್ತದೆ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಐದು ಶಾಲಾದಿನ ತಪ್ಪಿದರೆ ಪ್ರತಿ ಮಗುವಿಗೆ ತಂದೆಗೂ ತಾಯಿಗೂ ಬೇರೆ ಬೇರೆಯಾಗಿ 80 ಪೌಂಡ್ ದಂಡ, 21 ದಿನದಲ್ಲಿ ಕಟ್ಟದಿದ್ದರೆ 160 ಎಂಬುದು 2024ರ ಆಗಸ್ಟಿನಿಂದ ಜಾರಿಯಲ್ಲಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾಕ್ಕೆ (ಇಟಲಿಯೂ ಸೇರಿದ ಯುರೋಪಿನ ದೇಶಗಳ ಗುಂಪಿಗೆ ಕೊಡುವ ಒಂದೇ ವೀಸಾ) ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು. ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45, ಆರರ ಕೆಳಗಿನವರಿಗೆ ಇಲ್ಲ, ಅರ್ಜಿ ಪಡೆಯುವ ಕೇಂದ್ರದ ಸೇವಾಶುಲ್ಕ ಬೇರೆ. 30,000 ಯೂರೊ ಮೊತ್ತದ ಆರೋಗ್ಯವಿಮೆ ಕಡ್ಡಾಯ. ಮಕ್ಕಳದು ಬ್ರಿಟಿಷ್ ಪಾಸ್‌ಪೋರ್ಟ್ ಆಗಿದ್ದು ವೀಸಾ ಬೇಡವೆಂದು ನಿಶ್ಚಿಂತರಾಗಬೇಡಿ, ಇಟಲಿಯಿಂದ ಹೊರಟು ಬರುವ ದಿನದಿಂದ ಮೂರು ತಿಂಗಳಾದರೂ ಅದರ ಅವಧಿ ಉಳಿದಿರಬೇಕು. ಬೇಸಿಗೆಗೆ ಅಜ್ಜಿ ತಾತ ಬರುವವರಿದ್ದರೆ ಅವರ ಬ್ರಿಟನ್ ವೀಸಾದಿಂದ ಇಟಲಿಗೆ ಹೋಗಲಾಗದು, ಊರಿನಿಂದ ಹೊರಡುವ ಮೊದಲೇ ಷೆಂಗೆನ್ ಅರ್ಜಿಯನ್ನೂ ಹಾಕಿಸಿ. ಈ ವರ್ಷ ದೊಡ್ಡಮ್ಮನನ್ನು ಕರೆತರಲು ನಾವೂ ಕಾಗದಪತ್ರ ಸೇರಿಸುತ್ತಿದ್ದೇವೆ. ತೆರೆ ಇಲ್ಲದ ಕಡಲನ್ನು ತಾನೇ ಕಂಡು ಬರಬೇಕೆಂದು ಅವಳ ಹಟ.

ಜಾಗ ಮುಗಿಯುತ್ತಿದೆ, ಪ್ರಕಟಣೆಗಳನ್ನು ಇಲ್ಲಿಯೇ ಸೇರಿಸುತ್ತೇನೆ. ಯುಗಾದಿಯ ಕೂಟ ಹಬ್ಬದ ನಂತರದ ಶನಿವಾರ, ಎಂದಿನ ಸಭಾಂಗಣದಲ್ಲಿ ಬೆಳಗ್ಗೆ ಹತ್ತಕ್ಕೆ. ಬೇವಿನ ಹೂವು ಇದ್ದವರು ದಯವಿಟ್ಟು ತನ್ನಿ, ಒಬ್ಬಟ್ಟಿಗೆ ಹೆಸರು ಕೊಟ್ಟವರು ಮಾತ್ರ ಒಬ್ಬಟ್ಟು ತನ್ನಿ, ಉಳಿದವರು ಪಲ್ಯ, ಕೋಸಂಬರಿ. ಊಟದ ನಂತರ ಒಂದು ಮೂಲೆಯ ಮೇಜಿನಲ್ಲಿ ಯುರೋಪಿಗೆ ಹೋಗಿ ಬಂದ ಮೂರು ಕುಟುಂಬಗಳು ವೀಸಾ ಅರ್ಜಿ ತುಂಬಲು ಸಹಾಯ ಮಾಡಲು ಕುಳಿತಿರುತ್ತವೆ, ಕಾಗದಗಳ ನಕಲು ಜೊತೆಗಿರಲಿ. ಮೇ ತಿಂಗಳ ಹೊರಸಂಚಾರಕ್ಕೆ ಹೆಸರು ಕೊಡಲು ಏಪ್ರಿಲ್ ತಿಂಗಳ ಕೊನೆಯ ದಿನವೇ ಗಡುವು. ಗಣೇಶನ ಹಬ್ಬದ ಮಕ್ಕಳ ನಾಟಕಕ್ಕೆ ಅಭ್ಯಾಸ ಜುಲೈ ಮೊದಲ ವಾರವೇ ಆರಂಭ, ರಜೆಯ ದಿನಾಂಕಗಳನ್ನು ಮೊದಲೇ ತಿಳಿಸಿದರೆ ಪಾತ್ರ ಹಂಚಲು ಅನುಕೂಲ.

ಇನ್ನೊಂದು ವಿಷಯ. ಏಳು ವರ್ಷ ಕನ್ನಡ ಶಾಲೆಯನ್ನು ನಡೆಸಿದ ನಮ್ಮ ಟೀಚರ್ ಅವರ ಕುಟುಂಬ ಜುಲೈಯಲ್ಲಿ ಮೈಸೂರಿಗೆ ಮರಳುತ್ತಿದೆ. ಅವರ ಜಾಗಕ್ಕೆ ಇದುವರೆಗೆ ಯಾರೂ ಹೆಸರು ಕೊಟ್ಟಿಲ್ಲ. ಈ ಪತ್ರಿಕೆಯ ಕೆಲಸದ ಜೊತೆಗೆ ಪ್ರತಿ ವಾರ ಅದನ್ನೂ ಮಾಡಲು ನನ್ನಿಂದ ಆಗುತ್ತಿಲ್ಲ. ಭಾನುವಾರ ಎರಡು ಗಂಟೆ, ಹನ್ನೊಂದು ಮಕ್ಕಳು, ಪುಸ್ತಕಗಳು ಸಿದ್ಧವಿವೆ. ಸೆಪ್ಟೆಂಬರಿನಲ್ಲಿ ಮಕ್ಕಳು ಮರಳಿ ಬಂದಾಗ ‘ರಜೆ ಎಂದರೆ ಏನು?’ ಎಂದು ಮತ್ತೊಮ್ಮೆ ಹಲಗೆಯ ಮೇಲೆ ಬರೆದು, ಅವರು ಬರೆದುಕೊಡುವ ಚೀಟಿಗಳನ್ನು ಓದಲು ಒಬ್ಬರು ಬೇಕು. ಯುಗಾದಿಯ ದಿನ ನನ್ನನ್ನು ಹುಡುಕಿಕೊಂಡು ಬನ್ನಿ, ನಾನು ಒಬ್ಬಟ್ಟಿನ ಮೇಜಿನ ಹತ್ತಿರ ಇರುತ್ತೇನೆ.